ಮನೆಯಲ್ಲಿ ಚಾರ್ಜಿಂಗ್ ಇಲ್ಲ, ಮೊದಲ ಕಾರು ಪ್ಲಗ್-ಇನ್ ಹೈಬ್ರಿಡ್ ತಗೋಬಹುದಾ? (ಕಾರವಾರ–ಶಿರಸಿ ಓಡಾಟ)

ಕಾಳಿ_ದಡ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಇದು ಮೊದಲ ಕಾರು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಕಾರವಾರದ ಕಾಜುಬಾಗದಲ್ಲಿ ಬಾಡಿಗೆಗೆ ಇದ್ದೇವೆ, ಮೊದಲ ಮಹಡಿ. ಕೆಳಗೆ ಗೇಟಿನ ಪಕ್ಕ ಕಾರು ನಿಲ್ಲಿಸೋಕೆ ಜಾಗ ಇದೆ, ಆದರೆ ಪ್ಲಗ್ ಪಾಯಿಂಟ್ ಇಲ್ಲ. ದಿನದ ಓಡಾಟ ಅಂದ್ರೆ ಆಫೀಸು, ಮಗಳ ಶಾಲೆ, ಪೇಟೆ, ಎಲ್ಲ ಸೇರಿ 15 ಕಿ.ಮೀ. ದಾಟುವುದಿಲ್ಲ. ಶಿರಸಿ ಹತ್ತಿರ ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ತಿಂಗಳಿಗೆ ಎರಡು ಸಲವಾದರೂ ಹೋಗಲೇಬೇಕು. ಅಂಕೋಲಾ, ಕುಮಟಾ, ದೇವಿಮನೆ ಘಟ್ಟ ಹತ್ತಿ ಹೋದರೆ ಒಂದು ಕಡೆಗೆ 120 ಕಿ.ಮೀ. ಆಚೀಚೆ.

ಭಾವ ಜರ್ಮನಿಯಲ್ಲಿದ್ದಾರೆ. ಕಾರು ತಗೊಂಡರೆ ಪ್ಲಗ್-ಇನ್ ಹೈಬ್ರಿಡ್ಡೇ (ಪ್ಲಗ್ ಹಾಕಿ ಚಾರ್ಜ್ ಮಾಡುವ ಬ್ಯಾಟರಿ, ಪೆಟ್ರೋಲ್ ಎಂಜಿನ್ ಎರಡೂ ಇರುವ ಕಾರು) ತಗೋ ಅಂತಾರೆ. ಊರೊಳಗೆ ಕರೆಂಟು, ದೂರಕ್ಕೆ ಪೆಟ್ರೋಲು, ಚಾರ್ಜ್ ಖಾಲಿಯಾದರೂ ದಾರಿಯಲ್ಲಿ ನಿಲ್ಲುವ ಭಯ ಇಲ್ಲ. ನನ್ನ ಓಡಾಟಕ್ಕೇ ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಅನ್ನಿಸಿತು. ಬಜೆಟ್ ಸಾಲ ಸೇರಿ 20 ಲಕ್ಷದ ಒಳಗೆ. ಇಂಥ ಕಾರು ಬರುವ ತನಕ ಕಾಯಬೇಕಾ? ಊರಿಗೆ ಹೋದಾಗ ಅಲ್ಲೇ ಚಾರ್ಜ್ ಮಾಡಿಕೊಂಡು ಬಂದರೆ ನಡೆಯುತ್ತಾ?

ಘಟ್ಟದ_ಮೇಲಿನವ

ಕಾಯಬೇಡಿ ಮಾರಾಯ್ರೇ. ಇಲ್ಲಿಯವರೆಗೆ ನಮ್ಮ ದೇಶದಲ್ಲಿ ಪ್ಲಗ್-ಇನ್ ಅಂದ್ರೆ ದೊಡ್ಡವರ ಕಾರು. ಬಿಎಂಡಬ್ಲ್ಯೂ ಎಕ್ಸ್‌ಎಂ 2022ರ ಡಿಸೆಂಬರ್‌ನಲ್ಲಿ ಬಂದಾಗ ಬೆಲೆ 2.6 ಕೋಟಿ. 20 ಲಕ್ಷದವರಿಗೆ ಯಾವಾಗ ಬರುತ್ತೆ ಅಂತ ನಂಬಿ ಕೂತರೆ ಮಳೆಗಾಲದಲ್ಲಿ ಮಗಳನ್ನು ಸ್ಕೂಟರ್ ಮೇಲೆ ಶಾಲೆಗೆ ಬಿಡುವುದು ತಪ್ಪುವುದಿಲ್ಲ.

ನಾಳೆಯೇ ಬಂತು ಅಂತ ಇಟ್ಟುಕೊಳ್ಳಿ, ಆಗಲೂ ಊರಲ್ಲಿ ಚಾರ್ಜ್ ಮಾಡುವ ಲೆಕ್ಕ ಕೂಡಿ ಬರುವುದಿಲ್ಲ. ಹೆಚ್ಚಿನ ಪ್ಲಗ್-ಇನ್ ಕಾರುಗಳ ಬ್ಯಾಟರಿ 10ರಿಂದ 20 ಯೂನಿಟ್ ಹಿಡಿಯುತ್ತದೆ. ಹದಿನೈದು ಆಂಪ್ ಸಾಕೆಟ್‌ನಲ್ಲಿ ರಾತ್ರಿ ಹಾಕಿದರೆ ಬೆಳಿಗ್ಗೆಗೆ ತುಂಬುತ್ತದೆ ನಿಜ, ಆದರೆ ಓಡುವುದು 50 ಕಿ.ಮೀ. ಆಸುಪಾಸು. ಅಂದ್ರೆ ಶಿರಸಿಯಿಂದ ಹೊರಟರೆ ಕುಮಟಾ ಹತ್ತಿರ ಬರುವಷ್ಟರಲ್ಲಿ ಮುಗಿಯಿತು. ನಿಮಗೆ ಕರೆಂಟು ಬೇಕಾದದ್ದು ಕಾರವಾರದ ಆ ದಿನದ 15 ಕಿ.ಮೀ.ಗೆ, ಅಲ್ಲಿಗೆ ಬ್ಯಾಟರಿ ಬರಿದಾಗಿ ಬಂದಿರುತ್ತದೆ. ಆಮೇಲೆ ಹದಿನೈದು ದಿನ ನೂರು ಕಿಲೋಗಿಂತ ಜಾಸ್ತಿ ತೂಕದ ಖಾಲಿ ಬ್ಯಾಟರಿ ಹೊತ್ತುಕೊಂಡು ಪೆಟ್ರೋಲಿನಲ್ಲಿ ಓಡಾಡಬೇಕು.

ಘಟ್ಟದ ವಿಷಯ ಇನ್ನೊಂದಿದೆ, ಇದನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ಇಳಿಯುವಾಗ ಬ್ರೇಕ್ ಹಿಡಿದ ಶಕ್ತಿ ಬ್ಯಾಟರಿಗೆ ವಾಪಸ್ ಹೋಗಬೇಕು ಅಲ್ವಾ? ನಿಮ್ಮ ಊರು ಘಟ್ಟಕ್ಕೆ ಹತ್ತಿರ ಇದ್ದು, ಪೂರ್ತಿ ತುಂಬಿಸಿಕೊಂಡು ದೇವಿಮನೆ ಇಳಿದರೆ ಬ್ಯಾಟರಿಯಲ್ಲಿ ಜಾಗ ಕಡಿಮೆ ಇರುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಜನ, ಸಾಮಾನು ಸೇರಿ 1500 ಕಿಲೋ ಕಾರು ಅಷ್ಟು ಇಳಿದರೆ ಲೆಕ್ಕಕ್ಕೆ ಬರುವ ಶಕ್ತಿ ಸುಮಾರು ಎರಡೂವರೆ ಯೂನಿಟ್, ಅದರಲ್ಲಿ ಟಯರು ಗಾಳಿ ಅಂತ ಹೋಗಿ ಉಳಿದದ್ದು ಮಾತ್ರ ಬ್ಯಾಟರಿಗೆ. ಅದಕ್ಕೂ ಸ್ವಲ್ಪ ಖಾಲಿ ಬಿಟ್ಟೇ ಹೊರಡಬೇಕು.

ನಿಮಗೆ ಸರಿ ಹೊಂದುವುದು ಸ್ಟ್ರಾಂಗ್ ಹೈಬ್ರಿಡ್. ಗ್ರ್ಯಾಂಡ್ ವಿಟಾರಾ, ಹೈರೈಡರ್, ಹೋಂಡಾ ಸಿಟಿ, ಇವಕ್ಕೆ ಪ್ಲಗ್ಗೇ ಇಲ್ಲ, ತಾವೇ ಚಾರ್ಜ್ ಮಾಡಿಕೊಳ್ಳುತ್ತವೆ. ಪೇಟೆಯಲ್ಲಿ ನಿಂತು ಹೊರಡುವ ಕಡೆಯೆಲ್ಲ ಎಂಜಿನ್ ಬಂದ್ ಆಗಿ ಮೋಟರ್ ಮೇಲೆ ಹೋಗುತ್ತವೆ. ವಿಟಾರಾ, ಹೈರೈಡರ್‌ಗೆ ಕಂಪನಿ ಲೆಕ್ಕ ಲೀಟರಿಗೆ 27.97 ಕಿ.ಮೀ., ಕೈಗೆ ಸಿಗುವುದು ಅದಕ್ಕಿಂತ ಕಡಿಮೆ, ಆದರೂ ಅದೇ ಸೈಜಿನ ಪೆಟ್ರೋಲ್ ಕಾರಿಗಿಂತ ಎಷ್ಟೋ ಮೇಲು. ಬ್ಯಾಟರಿ ಮಾತ್ರ ಮುಕ್ಕಾಲು ಯೂನಿಟ್ಟು ಅಷ್ಟೇ, ಹಾಗಾಗಿ ಘಟ್ಟ ಇಳಿಯುವಾಗ ಅರ್ಧ ದಾರಿಯಲ್ಲೇ ತುಂಬಿಬಿಡುತ್ತದೆ. ಆಗ ಗೇರನ್ನು ಬಿ ಮೋಡ್‌ಗೆ ಹಾಕಿ, ಎಂಜಿನ್ನೇ ಕಾರನ್ನು ಹಿಡಿಯುತ್ತದೆ, ಬ್ರೇಕ್ ಕಾಯುವುದಿಲ್ಲ. ಮತ್ತೆ ‘ಸ್ಮಾರ್ಟ್ ಹೈಬ್ರಿಡ್’ ಅಂತ ಬೋರ್ಡು ನೋಡಿ ಮರುಳಾಗಬೇಡಿ, ಅದು ಬೇರೆ, ಮೋಟರ್ ಮೇಲೆ ಮಾತ್ರ ಓಡುವ ತಾಕತ್ತು ಅದಕ್ಕಿಲ್ಲ.

ನೆಕರ್_ದಂಡೆ

ನಾನು ಶಿರಸಿ ಕಡೆಯವನೇ, ಈಗ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ, ನನ್ನ ಹತ್ತಿರ ಪ್ಲಗ್-ಇನ್ ಇದೆ. ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ. ಆದರೆ ಅವರಿಗೆ ಮನೆಯಲ್ಲೋ ಆಫೀಸಿನಲ್ಲೋ ದಿನಾ ಚಾರ್ಜ್ ಸಿಗುತ್ತದಾ ಅಂತ ಒಂದು ಮಾತು ಕೇಳಿ. ನಾನೂ ಬಾಡಿಗೆ ಫ್ಲಾಟಿನವನು. ಆಫೀಸಿನ ಪಾರ್ಕಿಂಗ್‌ನಲ್ಲಿ ಚಾರ್ಜರ್ ಇರುವ ತನಕ ವಾರಗಟ್ಟಲೆ ಪೆಟ್ರೋಲ್ ಬಂಕ್ ಕಡೆ ತಲೆ ಹಾಕಿದ್ದಿಲ್ಲ. ಕೆಲಸ ಬದಲಾಯಿತು, ಹೊಸ ಕಡೆ ಚಾರ್ಜರ್ ಇಲ್ಲ. ಬೀದಿಯ ಚಾರ್ಜರ್‌ಗೆ ಹಾಕಿ ಮೂರು ನಾಲ್ಕು ಗಂಟೆ ಬಿಟ್ಟು, ಮತ್ತೆ ಚಳಿಯಲ್ಲಿ ಇಳಿದು ಹೋಗಿ ತೆಗೆಯಬೇಕು, 50 ಕಿ.ಮೀ.ಗೋಸ್ಕರ ಇದನ್ನು ಯಾರೂ ಬಹಳ ದಿನ ಮಾಡುವುದಿಲ್ಲ. ಹೆಚ್ಚಿನ ಪ್ಲಗ್-ಇನ್ ಕಾರಿಗೆ ಹೆದ್ದಾರಿಯ ಫಾಸ್ಟ್ ಚಾರ್ಜರ್ ಗನ್ ಹಿಡಿಸುವುದೂ ಇಲ್ಲ, ಹಾಗಾಗಿ ಕುಮಟಾದಲ್ಲಿ ಚಹಾ ಕುಡಿಯುವಷ್ಟರಲ್ಲಿ ತುಂಬಿಸಿಕೊಳ್ಳುವ ಆಸೆಯೂ ಬೇಡ.

ಇದು ನನ್ನೊಬ್ಬನ ಕತೆ ಅಲ್ಲ. ಯುರೋಪಿಯನ್ ಕಮಿಷನ್ 2024ರಲ್ಲಿ ಒಂದು ವರದಿ ಕೊಟ್ಟಿತು. 2021ರಲ್ಲಿ ನೋಂದಣಿಯಾದ ಪ್ಲಗ್-ಇನ್ ಕಾರುಗಳು ರಸ್ತೆಯ ಮೇಲೆ ಬಿಡುವ ಇಂಗಾಲ ಲ್ಯಾಬ್ ಲೆಕ್ಕದ 3.5 ಪಟ್ಟು ಇದೆ ಅಂತ. ಜನ ಅಂದುಕೊಂಡಷ್ಟು ಚಾರ್ಜ್ ಮಾಡುತ್ತಿಲ್ಲ, ಅದೇ ಮುಖ್ಯ ಕಾರಣ. ಪ್ಲಗ್ ಎದುರಿಗೇ ಇದ್ದರೆ ಇದು ಒಳ್ಳೆಯ ಕಾರು. ಇಲ್ಲದಿದ್ದರೆ ಎರಡು ಯಂತ್ರಕ್ಕೆ ದುಡ್ಡು ಕೊಟ್ಟು ಒಂದನ್ನೇ ಓಡಿಸಿದ ಹಾಗೆ.

ವೈರಿಂಗ್_ಅಂಕೋಲಾ

ಎಲ್ಲರೂ ಕಾರಿನ ಬಗ್ಗೆಯೇ ಹೇಳುತ್ತಿದ್ದೀರಿ. ಗೇಟಿನ ಪಕ್ಕ ಸ್ವಂತ ಪಾರ್ಕಿಂಗ್ ಇದೆ ಅಂದ ಮೇಲೆ ಒಂದು ಸಾಕೆಟ್ ಯಾಕೆ ಆಗಬಾರದು? ಮೊದಲು ಮಾಲೀಕರ ಹತ್ತಿರ ಮಾತಾಡಿ, ಆಮೇಲೆ ಶೋರೂಮಿಗೆ ಹೋಗಿ. ಮಾಲೀಕರು ಒಪ್ಪಿದರೆ ನಿಮ್ಮ 15 ಕಿ.ಮೀ. ಓಡಾಟಕ್ಕೆ ಹೈಬ್ರಿಡ್ ಯಾಕೆ, ಎಲೆಕ್ಟ್ರಿಕ್ ಕಾರನ್ನೇ ಯೋಚನೆ ಮಾಡಬಹುದು.

ನಾನು ಈ ಕೆಲಸ ಮಾಡುವವನು, ಹೇಗೆ ಅಂತ ಹೇಳುತ್ತೇನೆ. ಮೀಟರ್ ಬೋರ್ಡಿನಿಂದ ಅದಕ್ಕೇ ಅಂತ ಬೇರೆ ಲೈನ್ ಎಳೆಯಬೇಕು, 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದಕ್ಕೆ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು), ಜೊತೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು). ಫ್ರಿಜ್ಜಿನ ಪ್ಲಗ್ಗಿನಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಕಿಟಕಿಯಲ್ಲಿ ಇಳಿಬಿಡುವುದು ಯಾವ ಕಾರಣಕ್ಕೂ ಬೇಡ, ಗಂಟೆಗಟ್ಟಲೆ ಅಷ್ಟು ಲೋಡ್ ಎಳೆದರೆ ಪಿನ್ನೇ ಕರಗುತ್ತದೆ. ನಮ್ಮ ಕರಾವಳಿಯಲ್ಲಿ ಉಪ್ಪು ಗಾಳಿ ಬೇರೆ. ಹೊರಗಿನ ಸಾಕೆಟ್ ಬಿಚ್ಚಿದರೆ ಒಳಗಿನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ, ಸ್ಕ್ರೂ ತಿರುಗುವುದೇ ಇಲ್ಲ. ಮುಚ್ಚಳ ಇರುವ, ನೀರು ಹೋಗದ ಬಾಕ್ಸ್ ಹಾಕಿಸಿ. ಅರ್ಥಿಂಗ್ ಚೆಕ್ ಮಾಡಿಸಿ, ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅರ್ಥಿಂಗ್ ಕೈಕೊಡುತ್ತದೆ, ಆಗ ಕಾರು ಚಾರ್ಜೇ ತಗೊಳ್ಳುವುದಿಲ್ಲ.

ಮಾಲೀಕರು ಹಿಂಜರಿಯುವುದು ಹೆಚ್ಚಾಗಿ ಬಿಲ್ಲಿಗೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಕಾರಿಗೆ ದಿನಾ ಮೂರು ಯೂನಿಟ್ ಹೋದರೂ ತಿಂಗಳಿಗೆ 90. ಲೈನು ಅವರ ಮೀಟರಿಂದ ಎಳೆದರೆ ಅವರ ಲಾಭ ಹೋಗುತ್ತದೆ, ಒಪ್ಪುವುದು ಹೇಗೆ? ಹಾಗಾಗಿ ನಿಮ್ಮ ಮನೆಯ ಮೀಟರಿಂದಲೇ ಎಳೆಯಿರಿ, ನಿಮ್ಮ ಹಳೆಯ ಬಿಲ್ ತೆಗೆದು ಎಷ್ಟು ಯೂನಿಟ್ ಬರುತ್ತಿದೆ ನೋಡಿ. ಅದು ಆಗದಿದ್ದರೆ ಪಾರ್ಕಿಂಗ್‌ಗೆ ಬೇರೆ ಮೀಟರ್ ಹಾಕಿಸುವ ಬಗ್ಗೆ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ.

ಕಾಳಿ_ದಡ

ತುಂಬಾ ಥ್ಯಾಂಕ್ಸ್. ಘಟ್ಟದ ಲೆಕ್ಕ ನಾನು ಯೋಚಿಸಿಯೇ ಇರಲಿಲ್ಲ. ಮಾಲೀಕರು ಒಳ್ಳೆಯವರು, ಕೇಳುತ್ತೇನೆ. ಆದರೆ ಬಾಡಿಗೆ ಮನೆ, ಇನ್ನೆರಡು ವರ್ಷಕ್ಕೆ ಬೇರೆ ಕಡೆ ಹೋದರೆ ಹಾಕಿಸಿದ ಲೈನು ಅಲ್ಲೇ ಉಳಿಯುತ್ತದೆ. ಊರಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬಾರದ್ದೂ ಇದೆ, ಅಪ್ಪನಿಗೆ ಹುಷಾರಿಲ್ಲ ಅಂದಾಗ ಚಾರ್ಜ್ ನೋಡುತ್ತಾ ಕೂರೋಕೆ ಆಗುವುದಿಲ್ಲ. ಹಾಗಾಗಿ ಸ್ಟ್ರಾಂಗ್ ಹೈಬ್ರಿಡ್ ಕಡೆಗೇ ಮನಸ್ಸು ಹೋಗುತ್ತಿದೆ.

ಘಟ್ಟದ_ಮೇಲಿನವ

ಅಪ್ಪ ಅಮ್ಮ ಘಟ್ಟದ ಮೇಲೆ ಇದ್ದಾರೆ ಅಂದ್ರೆ ಅದೇ ಸರಿ. ಜುಲೈ 2024ರಲ್ಲಿ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿದ್ದು ನೆನಪಿದೆಯಲ್ಲ, ಸುತ್ತು ಹಾಕಿಕೊಂಡು ಹೋಗಬೇಕಾದಾಗ ಪೆಟ್ರೋಲ್ ಇದ್ದರೆ ಧೈರ್ಯ. ಬೆಲೆ ಲೆಕ್ಕ ಹಾಕುವಾಗ ಆನ್ ರೋಡ್ ಕೇಳಿ, 10ರಿಂದ 20 ಲಕ್ಷದ ಕಾರಿಗೆ ನಮ್ಮ ರಾಜ್ಯದಲ್ಲಿ ರೋಡ್ ಟ್ಯಾಕ್ಸ್ 17 ಪರ್ಸೆಂಟ್, ಮೇಲೆ ಸೆಸ್ ಬೇರೆ, ಹೈಬ್ರಿಡ್ ಅಂತ ಬಿಡುವುದಿಲ್ಲ. 20ರ ಒಳಗೆ ಕೂರಿಸಬೇಕಾದರೆ ಕೆಳಗಿನ ಮಾಡೆಲ್ಲೇ ಗತಿ. ಹೈಬ್ರಿಡ್ ಬ್ಯಾಟರಿ ವಾರಂಟಿ ಎಷ್ಟು ವರ್ಷ, ಎಷ್ಟು ಕಿ.ಮೀ. ಅಂತ ಬರಹದಲ್ಲಿ ತಗೊಳ್ಳಿ. ವಿಟಾರಾ, ಹೈರೈಡರ್‌ಗಳಲ್ಲಿ ಬ್ಯಾಟರಿ ಹಿಂದೆ ಕೂರಿಸಿರುವುದರಿಂದ ಡಿಕ್ಕಿ ಚಿಕ್ಕದು. ಊರಿಂದ ಬರುವಾಗ ತೆಂಗಿನಕಾಯಿ ಚೀಲ, ಹಲಸಿನಹಣ್ಣು ತರುವವರಾದರೆ ಟೆಸ್ಟ್ ಡ್ರೈವ್ ದಿನ ಡಿಕ್ಕಿ ತೆಗೆಸಿ ನೋಡಿ. ಡ್ರೈವನ್ನೂ ಪೇಟೆಯೊಳಗೆ ಮುಗಿಸಬೇಡಿ, ನಾಲ್ಕು ಜನ ಕೂತು ಏರು ಇರುವ ರಸ್ತೆಗೆ ಕೊಂಡೊಯ್ಯಲು ಕೇಳಿ.