ಡಾಕ್ಟರನ್ನು ಕೇಳಿ: ದಮ್ಮು, ಸಿಒಪಿಡಿ ಮತ್ತು ಫೋನಿನಲ್ಲಿ ಚದುರಿರುವ ರಿಪೋರ್ಟ್‌ಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಸಂಜೆ ಶ್ವಾಸಕೋಶದ ಡಾಕ್ಟರ್ ಮೇಡಂ ನಮ್ಮ ಜೊತೆ ಇರುತ್ತಾರೆ. ಆಸ್ಪತ್ರೆಯ ಆಪ್‌ನಲ್ಲಿ, ಫೋನಿನಲ್ಲಿ ಬಿದ್ದಿರುವ ರಿಪೋರ್ಟ್‌ಗಳು ದಮ್ಮಿನ ರೋಗಿಗೆ ಹೇಗೆ ಉಪಯೋಗಕ್ಕೆ ಬರುತ್ತವೆ ಅನ್ನೋದು ಇವತ್ತಿನ ವಿಷಯ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹೊಸ ಸದಸ್ಯೆ: ಮೇಡಂ, ಇನ್ಹೇಲರ್ ಒಮ್ಮೆ ಹಿಡಿದರೆ ಬಿಡೋಕಾಗಲ್ಲ, ಅದೇ ರೂಢಿಯಾಗುತ್ತೆ ಅಂತಾರೆ. ನಿಜವೇ?

ಡಾಕ್ಟರ್: ಇಲ್ಲ. ರೂಢಿಯಾಗುವುದು ಔಷಧಿಯಲ್ಲ. ಕಾಯಿಲೆ ದೀರ್ಘಕಾಲದ್ದು, ಅದಕ್ಕೇ ಔಷಧಿಯೂ ದೀರ್ಘಕಾಲ ಬೇಕಾಗುತ್ತದೆ. ಮಾತ್ರೆಯಲ್ಲಿ ಇಡೀ ಮೈಗೆ ಹೋಗುವ ಔಷಧಿ ಇನ್ಹೇಲರ್‌ನಲ್ಲಿ ತೀರಾ ಕಡಿಮೆ ಪ್ರಮಾಣದಲ್ಲಿ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ಸ್ಟೀರಾಯ್ಡ್ ಇರುವ ಇನ್ಹೇಲರ್ ಆದರೆ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ.

ಅಪ್ಪನ ಫೈಲು ನೋಡಿಕೊಳ್ಳುವವನು: ನಮ್ಮ ತಂದೆಗೆ 68. ಆಪ್ ತೆರೆದರೆ ಎಲ್ಲಾ ಕಡೆ ‘ಸಿಒಪಿಡಿ’ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ) ಅಂತ ಇದೆ. ಆದರೆ ಅವರು ಯಾವತ್ತೂ ಊದುವ ಪರೀಕ್ಷೆ ಮಾಡಿಸಿದ ನೆನಪಿಲ್ಲ ಅಂತಾರೆ. ಹಾಗಾದರೆ ಅದು ಬಂದಿದ್ದು ಎಲ್ಲಿಂದ?

ಡಾಕ್ಟರ್: ಒಳ್ಳೆಯ ಪ್ರಶ್ನೆ. ಯಾರೋ ಒಬ್ಬರು ಯಾವತ್ತೋ ಕೆಮ್ಮು, ಬೀಡಿ ಸೇದುವ ಚಟ, ಎಕ್ಸ್‌ರೇ ನೋಡಿ ‘ಸಿಒಪಿಡಿ ಇರಬಹುದು’ ಅಂತ ಬರೆದಿರುತ್ತಾರೆ. ಮುಂದಿನ ಸಲ ಹಳೆಯ ನೋಟ್ ಕಾಪಿ ಆಗುವಾಗ ‘ಇರಬಹುದು’ ಬಿದ್ದುಹೋಗುತ್ತದೆ. ಆಮೇಲೆ ಅದು ಪ್ರತಿ ಹಾಳೆಯಲ್ಲೂ ಬರುತ್ತಲೇ ಇರುತ್ತದೆ. ಕಂಪ್ಯೂಟರ್‌ನಲ್ಲಿದೆ ಎಂದ ಮಾತ್ರಕ್ಕೆ ಅದು ಪರೀಕ್ಷೆ ಮಾಡಿ ಬರೆದದ್ದು ಅಂತ ಅಲ್ಲ. ಸಿಒಪಿಡಿ ಎನ್ನಬೇಕಾದರೆ ಸ್ಪೈರೋಮೆಟ್ರಿ, ಅಂದರೆ ನೀವು ಹೇಳಿದ ಊದುವ ಪರೀಕ್ಷೆ, ಆಗಿರಲೇಬೇಕು. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಊದಿಸಿದಾಗ, ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಒಟ್ಟು ಗಾಳಿಯಿಂದ ಭಾಗಿಸಿದರೆ 0.70ಕ್ಕಿಂತ ಕಡಿಮೆ ಬರಬೇಕು. ಆ ರಿಪೋರ್ಟ್ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಮಾಡಿಸಿ. ಹೃದಯದ ತೊಂದರೆಯಿಂದ ದಮ್ಮು ಬರುವವರು ವರ್ಷಗಟ್ಟಲೆ ಇನ್ಹೇಲರ್ ಎಳೆದುಕೊಂಡು ಕೂತದ್ದನ್ನು ನಾನು ನೋಡಿದ್ದೇನೆ.

ಅಮ್ಮನ ಮಗಳು: ಮೇಡಂ, ನಮ್ಮ ಅಮ್ಮನಿಗೆ 61. ಸಿಒಪಿಡಿ ಇದೆ, ಊದಿಸಿಯೇ ಹೇಳಿದ್ದು. ಎರಡು ವರ್ಷ ಚೆನ್ನಾಗಿದ್ದರು. ಹೋದ ವರ್ಷದಿಂದ ಇದ್ದಕ್ಕಿದ್ದಂತೆ ಜಾಸ್ತಿ ಆಗಿದೆ. ಮೊದಲು ನೀಲಿ ಪಂಪು (ದಮ್ಮು ಬಂದಾಗ ತಕ್ಷಣ ಹಗುರ ಮಾಡುವ ಇನ್ಹೇಲರ್) ಎರಡು ಸಲ ಹೊಡೆದರೆ ಹತ್ತು ನಿಮಿಷದಲ್ಲಿ ಹಗುರ ಆಗುತ್ತಿತ್ತು. ಈಗ ಆರು ಸಲ ಹೊಡೆದರೂ ಆಗಲ್ಲ. ಔಷಧಿ ಬದಲಿಸಬೇಕಾ? ಆಪ್‌ನಲ್ಲಿ ಒಂದು ಆಸ್ಪತ್ರೆಯ ರಿಪೋರ್ಟ್ ಇದೆ, ಉಳಿದದ್ದು ಪಿಡಿಎಫ್, ಕೆಲವು ಫೋಟೋ.

ಡಾಕ್ಟರ್: ತಾಳಿ. ‘ಪಂಪು ಕೆಲಸ ಮಾಡ್ತಿಲ್ಲ’ ಅಂದಿರಲ್ಲ, ಅದು ನನಗೆ ಸರಿ ಕಾಣುತ್ತಿಲ್ಲ. ಮೊದಲು ಒಂದು ಮಾತು. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಷ್ಟು ದಮ್ಮು, ತುಟಿ ನೀಲಿ, ಮಂಪರು, ಇದರಲ್ಲಿ ಯಾವುದೇ ಇದ್ದರೂ ಈ ಗುಂಪು ಬಿಟ್ಟು ಈಗಲೇ ಆಸ್ಪತ್ರೆಗೆ ಹೋಗಿ. ಇಲ್ಲ ಅಂದರೆ ಮೂರು ಕೆಲಸ ಮಾಡಿ. ಎಲ್ಲಾ ಸ್ಪೈರೋಮೆಟ್ರಿಯ ತಾರೀಖು ಮತ್ತು ಲೀಟರ್ ಅಂಕಿ ಬರೆಯಿರಿ, ಶೇಕಡಾ ಅಂಕಿ ಮಾತ್ರ ಸಾಲದು. ಸ್ಟೀರಾಯ್ಡ್ ಮಾತ್ರೆ ಕೊಟ್ಟ ತಾರೀಖುಗಳನ್ನು ಬರೆಯಿರಿ. ಮೈ ಒಳಗೆ ಹೋಗುವ ಎಲ್ಲಾ ಔಷಧಿಯ ಪಟ್ಟಿ ಹಾಕಿ.

ದೊಡ್ಡಪ್ಪ: ಗೆಳೆಯರೇ, ಬಂದದ್ದನ್ನು ಹಾಕುತ್ತಿದ್ದೇನೆ. ಹೈಡ್ರೋಜನ್ ಪೆರಾಕ್ಸೈಡ್ ನಾಲ್ಕು ಹನಿ ನೆಬ್ಯುಲೈಸರ್‌ಗೆ ಹಾಕಿ ಎಳೆದುಕೊಂಡರೆ ಶ್ವಾಸಕೋಶ ತೊಳೆದಂತೆ ಶುದ್ಧ. ಇಲ್ಲದಿದ್ದರೆ ಯಾವುದಾದರೂ ಸುವಾಸನೆಯ ಎಣ್ಣೆ ಎರಡು ಹನಿ. ಹತ್ತು ಸೆಕೆಂಡ್ ಉಸಿರು ಕಟ್ಟಿದರೆ ಶ್ವಾಸಕೋಶ ಸರಿ ಇದೆ ಎಂದರ್ಥ.

ಡಾಕ್ಟರ್: ಯಾರೂ ಇದನ್ನು ಮಾಡಬೇಡಿ. ಪೆರಾಕ್ಸೈಡ್ ಶ್ವಾಸನಾಳದ ಒಳಪದರವನ್ನು ಸುಡುತ್ತದೆ. ಶ್ವಾಸಕೋಶದ ಒಳಗೆ ಹೋದ ಎಣ್ಣೆಯನ್ನು ದೇಹ ಸುಲಭವಾಗಿ ಹೊರಹಾಕಲಾರದು, ಅದು ಅಲ್ಲೇ ಕೂತು ಒಂದು ಬಗೆಯ ನ್ಯುಮೋನಿಯಾ ತರುತ್ತದೆ. ನೆಬ್ಯುಲೈಸರ್‌ಗೆ ವೈದ್ಯರು ಬರೆದ ನೆಬ್ಯುಲೈಸರ್ ಔಷಧಿ ಬಿಟ್ಟು ಬೇರೆ ಏನೂ ಹಾಕಬಾರದು. ಉಸಿರು ಕಟ್ಟುವ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. ದಯವಿಟ್ಟು ಅಳಿಸಿ.

ದೊಡ್ಡಪ್ಪ: ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದು. ಬೇಕಿದ್ದವರು ತಗೋತಾರೆ.

ವಾರ್ಡ್ ನರ್ಸ್: ಉದ್ದೇಶ ಒಳ್ಳೆಯದಿದ್ದರೂ ಹಾಗೆ ಎಳೆದುಕೊಂಡವರು ಬರುವುದು ನಮ್ಮ ವಾರ್ಡಿಗೆ. ಅಳಿಸಿ ದೊಡ್ಡಪ್ಪ.

ಗಂಡನ ಆಕ್ಸಿಜನ್ ನೋಡುವವರು: ಮೇಡಂ, ಆಕ್ಸಿಮೀಟರ್ ರೀಡಿಂಗ್ ದಿನಾ ಆಪ್‌ಗೆ ಹಾಕುತ್ತೇನೆ. 90, 91 ಬಂದರೆ ಆಪ್ ಕೆಂಪು ಬಣ್ಣ ತೋರಿಸುತ್ತದೆ. ಆಕ್ಸಿಜನ್ ಜಾಸ್ತಿ ಮಾಡಿ 98ಕ್ಕೆ ತರುತ್ತೇನೆ. ಬೆಳಿಗ್ಗೆ ಅವರಿಗೆ ತಲೆನೋವು, ಮಂಪರು.

ಡಾಕ್ಟರ್: ಹೀಗೆ ಜಾಸ್ತಿ ಮಾಡಬೇಡಿ, ಇವತ್ತೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ತೀವ್ರ ಸಿಒಪಿಡಿ ಇರುವ ಕೆಲವರಿಗೆ ಆಕ್ಸಿಜನ್ ಬೇಕಾದ್ದಕ್ಕಿಂತ ಹೆಚ್ಚು ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಬೆಳಗಿನ ತಲೆನೋವು, ಮಂಪರು ಅದರ ಲಕ್ಷಣ ಇರಬಹುದು. ಅಂಥವರಿಗೆ ಗುರಿ 88ರಿಂದ 92. ಆಪ್‌ನ ಕೆಂಪು ಬಣ್ಣ ಆರೋಗ್ಯವಂತರ ಲೆಕ್ಕಕ್ಕೆ ಇಟ್ಟದ್ದು. ಅವರ ಗುರಿ ಎಷ್ಟು ಅಂತ ವೈದ್ಯರಿಂದ ಬರೆಸಿಕೊಂಡು ಆಪ್‌ನಲ್ಲಿ ಮಿತಿ ಬದಲಿಸಿ. ಅದೇ ಅಂಕಿ ಒಂದು ಚೀಟಿಯಲ್ಲಿ ಅವರ ಜೇಬಿನಲ್ಲೂ ಇರಲಿ, ಆಂಬುಲೆನ್ಸ್‌ನವರಿಗೆ ಮೊದಲು ಬೇಕಾಗುವುದು ಅದೇ. ಮಂಪರು ಜಾಸ್ತಿಯಾದರೆ ಕಾಯಬೇಡಿ, ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಮೇಷ್ಟ್ರು: ಅದಕ್ಕೇ ನಾನು ಹೇಳೋದು, ಕಾಗದದ ಫೈಲೇ ಸರಿ. ಈ ಆಪ್‌ಗಳನ್ನು ನಂಬಿ ಎಲ್ಲರೂ ಕೆಡುತ್ತಿದ್ದಾರೆ.

ಕೋಡ್ ಬರೆಯುವವನು: ಸರ್, ಆಪ್‌ನದ್ದಲ್ಲ ತಪ್ಪು, ಮಿತಿ ಹೊಂದಿಸದ್ದು ತಪ್ಪು. ಕಾಗದದಲ್ಲಿ ಎಚ್ಚರಿಕೆಯೇ ಬರಲ್ಲ. ಎಲ್ಲಾ ಆಸ್ಪತ್ರೆಗಳೂ ಎಫ್‌ಎಚ್‌ಐಆರ್ ಅನ್ನೋ ಒಂದೇ ಮಾದರಿಯಲ್ಲಿ ದಾಖಲೆ ಇಟ್ಟರೆ ಒಂದು ಕಡೆಯದು ಇನ್ನೊಂದು ಕಡೆ ತೆರೆಯುತ್ತದೆ. ಆಗ ವರ್ಷಕ್ಕೆ ಎಷ್ಟು ನೀಲಿ ಪಂಪು ಖಾಲಿಯಾಯಿತು ಅಂತ ಆಪ್ ಎಣಿಸಿ ತಾನೇ ಎಚ್ಚರಿಸುವಂತೆ ಮಾಡಬಹುದು. ಮೇಡಂ, ಇದು ಉಪಯೋಗ ಅಲ್ವಾ?

ಡಾಕ್ಟರ್: ಖಂಡಿತ. ಆಸ್ತಮಾ ಇರುವವರು ವರ್ಷಕ್ಕೆ 3 ಅಥವಾ ಹೆಚ್ಚು ನೀಲಿ ಪಂಪು ಖಾಲಿ ಮಾಡಿದರೆ ದಾಳಿಯ ಅಪಾಯ ಜಾಸ್ತಿ. ತಿಂಗಳಿಗೊಂದು ಖಾಲಿ ಮಾಡುತ್ತಿದ್ದರೆ ಸಾವಿನ ಅಪಾಯವೂ ಏರುತ್ತದೆ. ಔಷಧಿ ಅಂಗಡಿಯ ಲೆಕ್ಕ ನನ್ನ ಪರದೆಗೆ ಬಂದರೆ ನನಗೆ ಬೇಗ ಗೊತ್ತಾಗುತ್ತದೆ. ಈಗ ರೋಗಿಯ ಬಾಯಿಂದಲೇ ಕೇಳಬೇಕು, ‘ಆಗೊಮ್ಮೆ ಈಗೊಮ್ಮೆ’ ಅಂತಾರೆ.

ಕೆಲಸಕ್ಕೆ ಹೋಗುವವಳು: ನನ್ನ ಆಸ್ತಮಾ ದಾಖಲೆ ಆಫೀಸಿನವರಿಗೆ, ವಿಮೆಯವರಿಗೆ ಕಾಣುತ್ತದಾ? ಅಳಿಸಲು ಆಗುತ್ತದಾ?

ಮೇಷ್ಟ್ರು: ಕಾಣುತ್ತೆ. ಎಲ್ಲಾ ಮಾರುತ್ತಾರೆ.

ಕೋಡ್ ಬರೆಯುವವನು: ಗೊತ್ತಿಲ್ಲದೆ ಹೆದರಿಸಬೇಡಿ ಸರ್. ಒಪ್ಪಿಗೆ ಕೊಡದೆ ಕಾಣದಂತೆ ಕಟ್ಟಬಹುದು.

ಮೇಷ್ಟ್ರು: ಕಟ್ಟಬಹುದು ಅಂತೀರಿ. ಕಟ್ಟಿದ್ದಾರೆ ಅನ್ನಲಿಲ್ಲ. ಒಪ್ಪಿಗೆಯ ಹಾಳೆ ಯಾರು ಓದುತ್ತಾರೆ? ದಮ್ಮು ಹತ್ತಿದ ಮನುಷ್ಯನ ಕೈಗೆ ಫೋನ್ ಕೊಟ್ಟು ‘ಒತ್ತಿ’ ಅಂತೀರಿ.

ವಾರ್ಡ್ ನರ್ಸ್: ಮೇಷ್ಟ್ರೇ, ನಿಮ್ಮ ಕಾಗದದ ಫೈಲು ರಾತ್ರಿ ಎರಡು ಗಂಟೆಗೆ ಯಾರ ಬಳಿ ಇರುತ್ತೆ? ರೋಗಿ ಬರುತ್ತಾರೆ, ಫೈಲು ಮನೆಯ ಬೀರುವಿನಲ್ಲಿ.

ಮೇಷ್ಟ್ರು: ನೀವು ಓದದಿದ್ದರೆ ಯಾವ ಫೈಲಿದ್ದು ಏನು ಪ್ರಯೋಜನ?

ಅಡ್ಮಿನ್: ವಿಷಯಕ್ಕೆ ಬನ್ನಿ.

ಅಮ್ಮನ ಮಗಳು: ಮೇಡಂ, ಬರೆದೆ. ಔಷಧಿ ಕೊಟ್ಟು ಊದಿಸಿದ ಮೇಲಿನ ಒಂದು ಸೆಕೆಂಡಿನ ಗಾಳಿ: 2022 ಮಾರ್ಚ್ 1.62 ಲೀಟರ್. 2023 ಏಪ್ರಿಲ್ 1.59. 2024 ನವೆಂಬರ್ 1.21. ಸ್ಟೀರಾಯ್ಡ್ 2024ರಲ್ಲಿ ಮೂರು ಸಲ, ಐದೈದು ದಿನ. ಮೂರೂ ಬೇರೆ ಬೇರೆ ಕಡೆ ಕೊಟ್ಟದ್ದು. ಔಷಧಿ: ಎರಡು ಇನ್ಹೇಲರ್, ಬಿಪಿಗೆ ಆಮ್ಲೋಡಿಪಿನ್, ಥೈರಾಯ್ಡ್ ಮಾತ್ರೆ. ಸ್ಪೇಸರ್ (ಇನ್ಹೇಲರ್‌ಗೆ ಸಿಕ್ಕಿಸುವ ಕೊಳವೆ) ಹಾಕಿಯೇ ಎಳೆಯುತ್ತಾರೆ, ನರ್ಸ್ ತೋರಿಸಿಕೊಟ್ಟಂತೆ.

ಡಾಕ್ಟರ್: ಮೂರು ಕಡೆಯವರೂ ಇದು ಮೊದಲನೇ ಸಲ ಅಂದುಕೊಂಡಿರುತ್ತಾರೆ. ವರ್ಷಕ್ಕೆ ಎರಡು ಸಲ ಹೀಗೆ ಸ್ಟೀರಾಯ್ಡ್ ಬೇಕಾಗುವಷ್ಟು ದಮ್ಮು ಉಲ್ಬಣಿಸಿದರೂ ಚಿಕಿತ್ಸೆಯನ್ನೇ ಮತ್ತೆ ನೋಡಬೇಕು. ಮೂರೂ ಒಂದು ಹಾಳೆಯಲ್ಲಿ ಇದ್ದಿದ್ದರೆ ಎರಡನೆಯದಕ್ಕೇ ಯಾರಾದರೂ ನಿಲ್ಲಿಸಿ ಕೇಳುತ್ತಿದ್ದರು. ಇನ್ನು ಗಾಳಿಯ ಅಂಕಿ ನೋಡಿ. ಮೊದಲ ವರ್ಷ ಇಳಿದದ್ದು 30 ಮಿಲಿ, ಅದು ವಯಸ್ಸಿಗೆ ಎಲ್ಲರಿಗೂ ಇಳಿಯುವಷ್ಟೇ. ಆಮೇಲಿನ ಒಂದೂವರೆ ವರ್ಷದಲ್ಲಿ 380 ಮಿಲಿ. 2023 ಏಪ್ರಿಲ್‌ಗೂ 2024 ನವೆಂಬರ್‌ಗೂ ನಡುವೆ ಏನೋ ಹೊಸದು ಸೇರಿದೆ. ಸಿಗರೇಟು? ಹೊಗೆ? ಹೊಸ ಔಷಧಿ? ಮಾತ್ರೆ ಮಾತ್ರ ಅಲ್ಲ, ಕಣ್ಣಿಗೆ, ಮೂಗಿಗೆ, ಚರ್ಮಕ್ಕೆ ಏನಾದರೂ?

ಅಮ್ಮನ ಮಗಳು: ಹೊಗೆ ಇಲ್ಲ. ಕಣ್ಣಿನ ಒತ್ತಡಕ್ಕೆ ಹನಿ ಹಾಕುತ್ತಾರೆ, ಬೆಳಿಗ್ಗೆ, ರಾತ್ರಿ. ಅದು ಔಷಧಿ ಅಂತ ಬರೆಯಲಿಲ್ಲ. ಅದು ಬೇರೆ ಆಸ್ಪತ್ರೆಯದು.

ಡಾಕ್ಟರ್: ಬಾಟಲಿ ಕೈಗೆ ತಗೊಳ್ಳಿ. ದೊಡ್ಡ ಅಕ್ಷರದ ಹೆಸರು ಬೇಡ. ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಪೂರ್ತಿ ಓದಿ ಹೇಳಿ.

ಅಮ್ಮನ ಮಗಳು: ಡಾರ್ಜೋಲಮೈಡ್ ಮತ್ತು ಟಿಮೊಲೋಲ್ ಅಂತ ಇದೆ. ಶುರು ಮಾಡಿದ್ದು 2023 ಡಿಸೆಂಬರ್. ಈಗ ನೆನಪಾಗುತ್ತಿದೆ, ರಾತ್ರಿ ಹನಿ ಹಾಕಿ ಮಲಗಿದ ಮೇಲೇ ದಮ್ಮು ಜಾಸ್ತಿ.

ಡಾಕ್ಟರ್: ಇದೇ ಕಾರಣ ಇರಬಹುದು ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ಟಿಮೊಲೋಲ್ ಬೀಟಾ ಬ್ಲಾಕರ್ ಗುಂಪಿನದು. ನೀಲಿ ಪಂಪಿನ ಔಷಧಿ ಶ್ವಾಸನಾಳದ ಯಾವ ಬಾಗಿಲು ತಟ್ಟಿ ಅದನ್ನು ಹಿಗ್ಗಿಸುತ್ತದೋ, ಟಿಮೊಲೋಲ್ ಅದೇ ಬಾಗಿಲಿಗೆ ಅಗುಳಿ ಹಾಕುತ್ತದೆ. ಆರು ಸಲ ಹೊಡೆದರೂ ಹಗುರ ಆಗದಿರುವುದು ಇದಕ್ಕೆ ಹೊಂದುತ್ತದೆ. ಕಣ್ಣಿಗೆ ಹಾಕಿದ್ದು ಕಣ್ಣಲ್ಲೇ ಉಳಿಯುವುದಿಲ್ಲ. ಕಣ್ಣೀರಿನ ನಾಳದಿಂದ ಮೂಗಿಗೆ ಇಳಿದು, ಅಲ್ಲಿಂದ ಸೀದಾ ರಕ್ತಕ್ಕೆ ಸೇರುತ್ತದೆ. ಮಾತ್ರೆಯಾದರೆ ಮೊದಲು ಯಕೃತ್ತಿಗೆ ಹೋಗಿ ಸ್ವಲ್ಪ ಕರಗುತ್ತದೆ, ಇದಕ್ಕೆ ಆ ತಡೆಯೂ ಇಲ್ಲ. ಆಸ್ತಮಾ ಅಥವಾ ತೀವ್ರ ಸಿಒಪಿಡಿ ಇರುವವರಿಗೆ ಇದನ್ನು ಕೊಡಬಾರದು ಅಂತ ಔಷಧಿಯ ಜೊತೆಗಿನ ಹಾಳೆಯಲ್ಲೇ ಇರುತ್ತದೆ.

ಆದರೆ ಗಮನವಿಟ್ಟು ಓದಿ. ಹನಿಯನ್ನು ನೀವಾಗಿ ನಿಲ್ಲಿಸಿ ಸುಮ್ನೆ ಕೂರಬೇಡಿ. ಕಣ್ಣಿನ ಒತ್ತಡ ಏರಿದರೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಇವತ್ತೇ, ರಾತ್ರಿಯ ಹನಿಗೆ ಮುಂಚೆಯೇ, ಕಣ್ಣಿನ ವೈದ್ಯರಿಗೆ ಫೋನ್ ಮಾಡಿ. ‘ಅಮ್ಮನಿಗೆ ಸಿಒಪಿಡಿ ಇದೆ, ಈ ಹನಿಯಲ್ಲಿ ಟಿಮೊಲೋಲ್ ಇದೆ, ಶುರು ಮಾಡಿದ ಮೇಲೆ ಮೂರು ಸಲ ಉಲ್ಬಣಿಸಿದೆ, ಈ ರಾತ್ರಿ ಏನು ಹಾಕಲಿ’ ಅಂತ ಕೇಳಿ. ಲಟಾನೊಪ್ರಾಸ್ಟ್‌ನಂಥ, ಬೀಟಾ ಬ್ಲಾಕರ್ ಅಲ್ಲದ ಹನಿಗಳಿವೆ. ಯಾವುದು ಸರಿ ಅಂತ ಅವರೇ ಹೇಳಬೇಕು. ನಿಮ್ಮ ಶ್ವಾಸಕೋಶದ ವೈದ್ಯರಿಗೂ ತಿಳಿಸಿ.

ನನಗೆ ನೋವಾಗುವುದು ಎಲ್ಲಿ ಅಂದರೆ, ಎರಡೂ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಇದೆ. ಎರಡರಲ್ಲೂ ಔಷಧಿ ಹೊಂದದಿದ್ದರೆ ಎಚ್ಚರಿಸುವ ವ್ಯವಸ್ಥೆ ಇದ್ದಿರಬಹುದು. ಒಂದಕ್ಕೆ ಸಿಒಪಿಡಿ ಗೊತ್ತಿಲ್ಲ, ಇನ್ನೊಂದಕ್ಕೆ ಹನಿ ಗೊತ್ತಿಲ್ಲ. ಯಾವುದೂ ಬಾಯಿ ಬಿಡಲಿಲ್ಲ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಎಚ್ಚರಿಕೆ ಬಂದರೂ ನಾವು ವೈದ್ಯರು ಓದದೆ ಮುಚ್ಚುವುದಿದೆ, ನಾನೂ ಮುಚ್ಚಿದ್ದೇನೆ. ದಿನಕ್ಕೆ ಹತ್ತಾರು ಬೇಡದ ಎಚ್ಚರಿಕೆ ಬಂದರೆ ಬೇಕಾದದ್ದೂ ಅದರಲ್ಲೇ ಮುಚ್ಚಿಹೋಗುತ್ತದೆ.

ಅಮ್ಮನ ಮಗಳು: ಕೈ ನಡುಗುತ್ತಿದೆ ಮೇಡಂ. ಒಂದು ವರ್ಷ ನಾನೇ ಹಾಕಿದ್ದು ಆ ಹನಿ. ಈಗಲೇ ಫೋನ್ ಮಾಡುತ್ತೇನೆ.

ವಾರ್ಡ್ ನರ್ಸ್: ನಿಮ್ಮ ತಪ್ಪಲ್ಲ ತಂಗಿ. ಬರೆದುಕೊಟ್ಟದ್ದನ್ನು ಹಾಕಿದಿರಿ.

ಎಕ್ಸ್‌ರೇ ಹಾಕಿದವನು: ಮೇಡಂ ಇದು ಎಕ್ಸ್‌ರೇ, ಲೈಟಿಗೆ ಹಿಡಿದು ತೆಗೆದ ಫೋಟೋ. ಕ್ಯಾನ್ಸರ್ ಇದೆಯಾ ಹೇಳಿ.

ಡಾಕ್ಟರ್: ಫೋಟೋ ನೋಡಿ ಹೇಳುವುದಿಲ್ಲ. ಡೈಕಾಮ್ ಫೈಲ್, ಅಂದರೆ ಎಕ್ಸ್‌ರೇಯ ಮೂಲ ಕಂಪ್ಯೂಟರ್ ಫೈಲ್, ಕೇಳಿ ತಗೊಂಡು ನಿಮ್ಮ ವೈದ್ಯರಿಗೆ ತೋರಿಸಿ.

ಎಕ್ಸ್‌ರೇ ಹಾಕಿದವನು: ಸುಮಾರಾಗಿ ಹೇಳಿದರೂ ಸಾಕು.

ಡಾಕ್ಟರ್: ಹೇಳುವುದಿಲ್ಲ.

ಇನ್ನೊಬ್ಬ ಹೊಸ ಸದಸ್ಯ: ಇನ್ಹೇಲರ್ ರೂಢಿಯಾಗುತ್ತದಾ?

ಡಾಕ್ಟರ್: ಮೇಲೆ ಓದಿ.

ಮೇಷ್ಟ್ರು: ನೋಡಿ, ಆ ಹೆಣ್ಣುಮಗಳು ಕಾಗದದಲ್ಲಿ ಬರೆದದ್ದರಿಂದಲೇ ಸಿಕ್ಕಿದ್ದು. ಆಪ್ ಹಿಡಿಯಲಿಲ್ಲ.

ಕೋಡ್ ಬರೆಯುವವನು: ಹಳೆಯ ಅಂಕಿಗಳು ಪಿಡಿಎಫ್‌ನಲ್ಲಿ ಉಳಿದಿದ್ದರಿಂದಲೇ ಬರೆಯಲು ಆಯಿತು. ನಿಮ್ಮದು ಬರೀ ಹಠ.

ಮೇಷ್ಟ್ರು: ವಯಸ್ಸಿಗಾದರೂ ಮರ್ಯಾದೆ ಕೊಡಿ.

ಡಾಕ್ಟರ್: ಇಬ್ಬರೂ ಇಲ್ಲಿಗೆ ಬಿಡಿ. ಒಬ್ಬ ತಾಯಿಗೆ ಉಸಿರು ಕಟ್ಟುತ್ತಿದೆ. ದೊಡ್ಡಪ್ಪ, ಆ ಪೆರಾಕ್ಸೈಡ್ ಸಂದೇಶ ಇನ್ನೂ ಹಾಗೇ ಇದೆ. ಅದು ಹೋಗುವವರೆಗೆ ನಾನು ಬೇರೆ ಪ್ರಶ್ನೆ ತೆಗೆದುಕೊಳ್ಳುವುದಿಲ್ಲ.

ಅಡ್ಮಿನ್: ಅಳಿಸಿದ್ದೇನೆ ಮೇಡಂ. ಕ್ಷಮಿಸಿ.

ಕೆಲಸಕ್ಕೆ ಹೋಗುವವಳು: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಅಮ್ಮನ ಮಗಳು: ಮೇಡಂ, ಕಣ್ಣಿನ ವೈದ್ಯರೇ ಮಾತಾಡಿದರು. ಈ ರಾತ್ರಿಯಿಂದಲೇ ಆ ಹನಿ ಬೇಡ, ಬೇರೆ ಹನಿ ಬರೆದಿದ್ದಾರೆ, ತಮ್ಮ ತರಲು ಹೋಗಿದ್ದಾನೆ. ಎರಡು ದಿನ ಬಿಟ್ಟು ಒತ್ತಡ ನೋಡುತ್ತಾರಂತೆ. ಸಿಒಪಿಡಿ ಇರುವುದು ಅವರ ದಾಖಲೆಯಲ್ಲಿ ಇರಲೇ ಇಲ್ಲವಂತೆ.

ಡಾಕ್ಟರ್: ಸರಿ. ಈಗ ಎರಡೂ ಆಸ್ಪತ್ರೆಯಲ್ಲಿ ಅಲರ್ಜಿ ಮತ್ತು ಅಡ್ಡಪರಿಣಾಮ ಬರೆಯುವ ಕಡೆ ‘ಟಿಮೊಲೋಲ್, ಬೀಟಾ ಬ್ಲಾಕರ್: ದಮ್ಮು ಹೆಚ್ಚಿದ ಅನುಮಾನ’ ಅಂತ ಹಾಕಿಸಿ. ನೋಟ್‌ನ ನಡುವೆ ಬರೆದರೆ ಕಂಪ್ಯೂಟರ್ ಅದನ್ನು ಓದುವುದಿಲ್ಲ, ಆ ಜಾಗದಲ್ಲೇ ಇರಬೇಕು. ಹಾಕಿದ್ದಾರಾ ಅಂತ ಪರದೆ ತಿರುಗಿಸಿ ನೋಡಿ ಬನ್ನಿ. ಇವತ್ತಿನಿಂದ ನೀಲಿ ಪಂಪು ದಿನಕ್ಕೆ ಎಷ್ಟು ಸಲ ಅಂತ ತಾರೀಖಿನ ಜೊತೆ ಬರೆಯಿರಿ. ಸುಮಾರು ನಾಲ್ಕು ವಾರ ಬಿಟ್ಟು ಮತ್ತೆ ಊದಿಸಿ, ಹಳೆಯ ಮೂರೂ ಅಂಕಿ ಪಕ್ಕದಲ್ಲಿ ಇಟ್ಟುಕೊಂಡು. ರಾತ್ರಿ ದಮ್ಮು ಹೆಚ್ಚಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಅಮ್ಮನ ಮಗಳು: ಆಯ್ತು ಮೇಡಂ. ಹಳೆಯ ಬಾಟಲಿ ಬಿಸಾಡಲಾ?

ಡಾಕ್ಟರ್: ಬೇಡ. ಫೋಟೋ ತೆಗೆದು, ಬಾಟಲಿಯನ್ನೂ ನಿಮ್ಮ ಶ್ವಾಸಕೋಶದ ವೈದ್ಯರ ಬಳಿ ತಗೊಂಡು ಹೋಗಿ.