ಅಪ್‌ಡೇಟ್: ಉದ್ರಿ ಲೆಕ್ಕದ ಪ್ರೋಗ್ರಾಂ ಓಡ್ತಿದೆ

ಪೈಥಾನ್ (ಪ್ರೋಗ್ರಾಂ ಬರೆಯೋ ಭಾಷೆ) ವಿಡಿಯೋ ಎಷ್ಟು ನೋಡಿದರೂ ಸ್ವಂತವಾಗಿ ನಾಲ್ಕು ಸಾಲು ಬರೆಯೋಕೆ ಬರ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಮನೆಗೆ ಬೇಕಾದ ಚಿಕ್ಕದೇನಾದ್ರೂ ಮಾಡಿ ಅಂದ್ರಿ. ಅಪ್ಪನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನೇ ಹಿಡಿದೆ. ಹೆಸರು, ಬಾಕಿ, ಜಮೆ, ಅಷ್ಟೇ. ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋದು), ಡಿಕ್ಷನರಿ (ಹೆಸರಿಗೆ ಬಾಕಿ ಜೋಡಿಸಿಡೋದು) ಎಲ್ಲ ಬೇಕಾದಾಗ ತಾನಾಗೇ ತಲೆಗೆ ಹತ್ತಿದವು.

ಹೆಚ್ಚು ಕಲಿಸಿದ್ದು ಗಿರಾಕಿಗಳ ಕನ್ನಡ ಹೆಸರುಗಳು. ಸಿಎಸ್‌ವಿ ಫೈಲನ್ನು (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ಎಕ್ಸೆಲ್‌ನಲ್ಲಿ ತೆರೆದರೆ ಬರೀ ಗೀಚುಗೀಚು. ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಲ್ಲಿ ಉಳಿಸೋ ರೀತಿ) ‘ಯುಟಿಎಫ್-8-ಸಿಗ್’ ಕೊಟ್ಟ ಮೇಲೆ ಸರಿಹೋಯ್ತು. ಪ್ರೋಗ್ರಾಂ ತೋರಿಸೋ ಪಟ್ಟಿಯ ಕಾಲಂಗಳು ಯಾಕೆ ನೆಟ್ಟಗೆ ನಿಲ್ಲಲ್ಲ ಅಂತ ನೋಡಿದರೆ, ‘ಲಕ್ಷ್ಮಿ’ ಕಣ್ಣಿಗೆ ಎರಡಕ್ಷರ, ಉದ್ದ ಎಣಿಸೋ ಪೈಥಾನ್‌ನ ‘ಲೆನ್’ಗೆ 7! ಹಲಂತ, ಗುಡಿಸು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತೆ. ನಾನು ನೋಡಿದ ಯಾವ ವಿಡಿಯೋದಲ್ಲೂ ಇದು ಸಿಕ್ಕಿರಲಿಲ್ಲ.

ಈಗ ಲೆಕ್ಕವನ್ನೆಲ್ಲ ಚಿಕ್ಕ ಡೇಟಾಬೇಸ್ ಆಗಿರೋ ಎಸ್‌ಕ್ಯೂಲೈಟ್‌ಗೆ ಹಾಕ್ತಿದ್ದೀನಿ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.