ಔಟ್‌ಬೋರ್ಡ್ ಮೋಟರ್: ಟ್ರಿಮ್ ಪಿನ್ ಯಾವ ತೂತಿಗೆ? ನೀರು ಕಡಿಮೆ ಇದ್ದಲ್ಲಿ ಎತ್ತುವುದು ಹೇಗೆ?

ಶರಾವತಿ ದಡ:
ಎಲ್ಲರಿಗೂ ನಮಸ್ಕಾರ. ಹೊನ್ನಾವರದ ಹಿನ್ನೀರಲ್ಲಿ ಪ್ರವಾಸಿಗರನ್ನು ಸುತ್ತಿಸುವ ಫೈಬರ್ ದೋಣಿ ನಮ್ಮದು. ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ 9.9 ಎಚ್‌ಪಿ ಔಟ್‌ಬೋರ್ಡ್ ಮೋಟರ್, ಕೈಯಲ್ಲೇ ಎತ್ತಿ ಇಳಿಸುವಂಥದ್ದು. ಜನ ಕೂತ ಮೇಲೆ ರೇಸ್ ಕೊಟ್ಟರೆ ದೋಣಿಯ ಮೂತಿ ಮೇಲೇಳುತ್ತದೆ, ಎದುರಿಗೆ ಏನೂ ಕಾಣಲ್ಲ. ಮೋಟರ್ ಎಷ್ಟು ಓರೆಯಾಗಿ ನಿಲ್ಲಬೇಕು ಅಂತ ಹಿಡಿಯುವ ಟ್ರಿಮ್ ಪಿನ್ನನ್ನು ಬೇರೆ ತೂತಿಗೆ ಹಾಕಿದರೆ ಸರಿಯಾಗುತ್ತದಾ? ಇನ್ನೊಂದು, ಇಳಿತದ ಹೊತ್ತಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡೆ ನೀರು ತೀರಾ ಕಡಿಮೆ. ಕೆಲಸದ ಹುಡುಗ ಮೋಟರ್ ಓಡುತ್ತಿರುವಾಗಲೇ ಬಗ್ಗಿ ಎತ್ತಿಬಿಡುತ್ತಾನೆ. ನೋಡಿದರೆ ಭಯವಾಗುತ್ತದೆ.

ಗಂಗೊಳ್ಳಿ ಮೆಕ್ಯಾನಿಕ್:
ಮೊದಲು ಆ ಹುಡುಗನ ವಿಷಯ ಮಾರಾಯ್ರೆ. ಅದನ್ನು ಇವತ್ತೇ ನಿಲ್ಲಿಸಿ. ಗೇರಲ್ಲಿರುವ ಮೋಟರನ್ನು ಎತ್ತಿದರೆ ಫ್ಯಾನ್ (ಪ್ರೊಪೆಲ್ಲರ್) ನೀರಿನ ಮೇಲೆ ಬಂದು ತಿರುಗುತ್ತದೆ. ಪಕ್ಕದಲ್ಲಿ ಯಾರದಾದರೂ ಕೈಯೋ ಹಗ್ಗವೋ ಇದ್ದರೆ ಮುಗಿಯಿತು. ತಂಪು ಮಾಡುವ ನೀರನ್ನು ಎಳೆಯುವ ಜಾಲರಿಯೂ ಮೇಲೆ ಬರುತ್ತದೆ, ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ಒಣಗಿ ಓಡಿ ಹಾಳಾಗುತ್ತದೆ.

ಪೂರ್ತಿ ಎತ್ತುವುದಾದರೆ ನ್ಯೂಟ್ರಲ್‌ಗೆ ತಂದು ಎಂಜಿನ್ ಆಫ್ ಮಾಡಿ, ಎಂಜಿನ್ ತಟ್ಟನೆ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ತೆಗೆದಿಡಿ. ಮೋಟರ್ ಮೇಲೇಳದಂತೆ ಹಿಡಿದಿರುವ ಟಿಲ್ಟ್ ಲಾಕ್ ಬಿಡಿಸಿ. ಮೇಲಿನ ಟೊಪ್ಪಿಯ ಹಿಂದೆ ಹಿಡಿಕೆ ಇದೆ, ಅದನ್ನೇ ಹಿಡಿದು ಎತ್ತಿ. ಇನ್ನೊಂದು ಕೈ ಮೋಟರನ್ನು ದೋಣಿಗೆ ಹಿಡಿದಿಡುವ ಬ್ರಾಕೆಟ್ಟಿನ ಸಂದಿಯಲ್ಲಿ ಇರಲೇಬಾರದು. ಮೋಟರ್ ಜಾರಿ ಬಿದ್ದರೆ ಬೆರಳು ಜಜ್ಜಿಹೋಗುವುದು ಅಲ್ಲೇ. ಎತ್ತಿದ ಮೋಟರನ್ನು ತಡೆದು ನಿಲ್ಲಿಸುವ ಸಪೋರ್ಟ್ ಲಿವರ್ ಕೂತಿದೆಯಾ ಅಂತ ಕಣ್ಣಲ್ಲಿ ನೋಡಿದ ಮೇಲೆ ಕೈ ಬಿಡಿ.

ನಿಮ್ಮ ಮಾದರಿಯಲ್ಲಿ ಕಡಿಮೆ ನೀರಿನಲ್ಲಿ ಓಡಿಸುವ ಅರ್ಧ ಎತ್ತರದ ಲಾಕ್ ಇದ್ದರೆ ನ್ಯೂಟ್ರಲ್‌ನಲ್ಲಿ ಅದಕ್ಕೆ ಕೂರಿಸಿ, ನಿಧಾನಕ್ಕೆ ಹೋಗಿ. ಹಿಂದಿನ ಸಣ್ಣ ತೂತಿಂದ ನೀರು ಚಿಮ್ಮುತ್ತಲೇ ಇರಬೇಕು, ಅದರ ಮೇಲೊಂದು ಕಣ್ಣಿಡಿ. ಈ ಸ್ಥಿತಿಯಲ್ಲಿ ಜೋರಾಗಿ ರಿವರ್ಸ್ ಹಾಕಬೇಡಿ, ಮೋಟರ್ ತಾನೇ ಮೇಲಕ್ಕೆದ್ದುಬಿಡುತ್ತದೆ. ಆಳಕ್ಕೆ ಬಂದ ಮೇಲೆ ಕೆಳಗಿಳಿಸಿ ಲಾಕ್ ಹಾಕಲು ಮರೀಬೇಡಿ.

ಇನ್ನು ಪಿನ್. ದೋಣಿಗೆ ಹತ್ತಿರದ ತೂತಿಗೆ ಹಾಕಿದಷ್ಟೂ ಮೂತಿ ಕೆಳಗೆ, ದೂರದ ತೂತಿಗೆ ಹೋದಷ್ಟೂ ಮೂತಿ ಮೇಲೆ. ನೀವು ಒಂದು ತೂತು ಒಳಗೆ ತನ್ನಿ, ಒಂದೇ. ಅದೂ ಎಂಜಿನ್ ಆಫ್ ಮಾಡಿ, ಎತ್ತಿ ನಿಲ್ಲಿಸಿ, ಆಮೇಲೆ. ಅಷ್ಟೇ ತೂಕ ಹೇರಿ, ಜನರಿಲ್ಲದೆ ಮರಳು ಚೀಲ ಇಟ್ಟರೂ ಆದೀತು, ಓಡಿಸಿ ನೋಡಿ. ಫ್ಯಾನಿನ ಮೇಲಿರುವ ಅಗಲ ತಗಡು ಓಡುವಾಗ ನೀರಿಗೆ ಸಮಾನಾಂತರವಾಗಿರಬೇಕು. ತೀರಾ ಒಳಗೆ ತಂದರೆ ಮೂತಿ ನೀರಲ್ಲಿ ಹೂತು ಹ್ಯಾಂಡಲ್ ಕೈಯನ್ನು ಪಕ್ಕಕ್ಕೆ ಎಳೆಯುತ್ತದೆ. ಅದು ಇನ್ನೂ ಅಪಾಯ.

ಆದರೆ ನನ್ನ ಅನುಮಾನ ಪಿನ್ ಮೇಲಲ್ಲ. ಜನ ಎಲ್ಲಿ ಕೂರುತ್ತಾರೆ?

ಶರಾವತಿ ದಡ:
ಹೆಚ್ಚಿನವರು ಹಿಂದೆಯೇ ಅಣ್ಣ. ಮುಂದೆ ಕೂತರೆ ನೀರು ಹಾರುತ್ತದೆ ಅಂತಾರೆ.

ಗಂಗೊಳ್ಳಿ ಮೆಕ್ಯಾನಿಕ್:
ಹಾಗಾದರೆ ಅದೇ ಕಾರಣ. ಹಿಂದೆ ಮೋಟರಿನ ತೂಕ, ಪೆಟ್ರೋಲ್ ಟ್ಯಾಂಕ್, ಓಡಿಸುವವರು, ಮೇಲಿಂದ ಜನ. ಇಬ್ಬರನ್ನು ಮುಂದೆ, ಉಳಿದವರನ್ನು ನಡುವೆ ಕೂರಿಸಿ. ಟ್ಯಾಂಕಿನ ಪೈಪ್ ಮುಟ್ಟುವಷ್ಟು ದೂರ ಟ್ಯಾಂಕನ್ನೂ ಮುಂದೆ ತಳ್ಳಿ. ಇನ್ನೊಂದು ಮಾತು, ಅಷ್ಟು ಜನ ತುಂಬಿದ ದೋಣಿಯನ್ನು 9.9ರ ಮೋಟರ್ ನೀರಿಂದ ಮೇಲೆತ್ತಿ ನೀರ ಮೇಲೆ ಜಾರುವಂತೆ ಓಡಿಸಲಾರದು. ಜಾಸ್ತಿ ರೇಸ್ ಕೊಟ್ಟರೆ ವೇಗ ಹೆಚ್ಚಲ್ಲ, ಹಿಂಭಾಗ ಕುಸಿದು ಮೂತಿ ಏಳುತ್ತದೆ, ಅಷ್ಟೆ. ಮೂತಿ ಏಳಲು ಶುರುವಾಗುವ ಹಂತ ನೋಡಿಕೊಂಡು ಅದಕ್ಕಿಂತ ಸ್ವಲ್ಪ ಕೆಳಗೆ ಓಡಿಸಿ.

ಮಲ್ಪೆ ಕಡಲು:
ಪವರ್ ಟಿಲ್ಟ್ (ಬಟನ್ ಒತ್ತಿದರೆ ಮೋಟರ್ ತಾನೇ ಏಳುವ ವ್ಯವಸ್ಥೆ) ಇರುವವರಿಗೆ ಒಂದು ಮಾತು ಸೇರಿಸುತ್ತೇನೆ. ಬ್ಯಾಟರಿ ಸತ್ತಾಗ ಕೈಯಲ್ಲಿ ಎತ್ತಲು ಬ್ರಾಕೆಟ್ ಬದಿಯಲ್ಲಿ ಒಂದು ಸ್ಕ್ರೂ ಇರುತ್ತದೆ. ಮೋಟರ್ ಮೇಲಿದ್ದಾಗ ಆಧಾರ ಕೊಡದೆ ಅದನ್ನು ಸಡಿಲಿಸಿದರೆ ಅಷ್ಟೂ ಭಾರ ಒಮ್ಮೆಲೇ ಕೆಳಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಬಿಗಿ ಮಾಡದೆ ಓಡಿಸಲೂಬೇಡಿ.

ಶರಾವತಿ ದಡ:
ತುಂಬಾ ಉಪಕಾರ ಆಯ್ತು. ರಾತ್ರಿ ದೋಣಿ ಕಟ್ಟಿದಾಗ ಮೋಟರ್ ಎತ್ತಿಯೇ ಇಡಬೇಕಾ?

ಗಂಗೊಳ್ಳಿ ಮೆಕ್ಯಾನಿಕ್:
ಎತ್ತಿಡಿ. ಅಲ್ಲಿ ಉಪ್ಪು ನೀರು ಅಲ್ವಾ, ಇಳಿತದಲ್ಲಿ ಫ್ಯಾನ್ ಕೆಸರಲ್ಲಿ ಹೂತರೂ ಕಷ್ಟ. ಎತ್ತುವ ಮೊದಲು ಪೆಟ್ರೋಲ್ ಪೈಪ್ ಕಳಚಿ, ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಬಿಗಿ ಮಾಡಿ, ಇಲ್ಲವಾದರೆ ಪೆಟ್ರೋಲ್ ಸೋರುತ್ತದೆ. ದಡಕ್ಕೆ ಎಳೆದ ದಿನ ಸಿಹಿ ನೀರಲ್ಲಿ ಓಡಿಸಿ ತೊಳೆದು, ಒಳಗಿನ ನೀರು ಬಸಿಯುವವರೆಗೆ ನೆಟ್ಟಗೆ ಕೆಳಮುಖ ಬಿಟ್ಟಿರಿ.